ಹಳೇ ಗಾಡಿಗೆ ಹೊಸ ಕೈ

“ಕೈ ಬುಟ್ರೂ ಓಯ್ತದಂತಲ್ಲ ಸಾ ಕಾರು, ದಿಟ್ವಾ?”

ನಂಜನಗೂಡಿನಲ್ಲಿ, ಕಪಿಲಾ ಸ್ನಾನಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಬಾಡಿಗೆ ಗಾಡಿ ನಿಲ್ಲಿಸಿಕೊಂಡಿದ್ದ ಡ್ರೈವರ್ ಹುಡುಗ ಕೇಳಿದ ಮಾತಿದು. ಗಿರಾಕಿಗಳು ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗಿದ್ದರು. ಸೋಮವಾರದ ಸಾಲು, ಬೇಗ ಮುಗಿಯುವಂಥದ್ದಲ್ಲ. ಅವನ ಮೊಬೈಲಿನ ವಿಡಿಯೋದಲ್ಲಿ ಸ್ಟೇರಿಂಗ್ ತನ್ನ ಪಾಡಿಗೆ ತಾನು ತಿರುಗುತ್ತಿತ್ತು, ಓಡಿಸಬೇಕಾದವನು ಕೈಕಟ್ಟಿ ಕೂತು ನಗುತ್ತಿದ್ದ. ದಿಟವೇ ಎಂದೆ. ಹುಡುಗ ತಾನು ಒರಗಿ ನಿಂತಿದ್ದ ಬಾನೆಟ್ಟಿನ ಮೇಲೆ ಅಂಗೈ ತಟ್ಟಿ, “ಅಂಗಾರೆ ಇದ್ಕೂ ಹಾಕುಸ್ಬೌದಾ?” ಎಂದ. ಅದು 2012ರ ಇನ್ನೋವಾ. ಮೀಟರಿನಲ್ಲಿ ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಇವನು ಅದರ ಮೂರನೇ ಮಾಲೀಕ.

ಪ್ರಶ್ನೆ ಕೇಳಿ ನಗುವುದು ಸುಲಭ. ಆದರೆ ಅವನ ಗಾಡಿಯನ್ನೊಮ್ಮೆ ನೋಡಿ. ರಿವರ್ಸ್ ಕ್ಯಾಮೆರಾ, ದೊಡ್ಡ ಪರದೆಯ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಹಳದಿ ಫಾಗ್ ಲ್ಯಾಂಪು, ಇವು ಯಾವುವೂ ಬಿಡದಿಯ ಕಾರ್ಖಾನೆಯಿಂದ ಗಾಡಿಯ ಜೊತೆ ಬಂದವಲ್ಲ. ಒಂದೊಂದಾಗಿ, ದುಡ್ಡು ಕೂಡಿದಾಗ ಕೂಡಿಸಿದವು. ನಮ್ಮ ಕಡೆ ಗಾಡಿ ಅಂದರೆ ಕೊಂಡಾಗ ಮುಗಿಯುವ ವಸ್ತುವಲ್ಲ. ಮನೆ ಕಟ್ಟಿದ ಹಾಗೆ, ಈ ವರ್ಷ ಜಗಲಿ, ಮುಂದಿನ ವರ್ಷ ಮೆಟ್ಟಿಲು. ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್ ಕೂಡಿಸಿ ಓಡಿಸಿದವರು ನಾವು. ಅಷ್ಟೆಲ್ಲ ಕೂಡಿಸಬಹುದಾದರೆ ಇದೊಂದು ಯಾಕೆ ಆಗದು?

ಆಗದು ಎಂಬುದೇ ನನ್ನ ಉತ್ತರ. ಆದರೆ ಕಾರಣ ಗಾಡಿಯ ವಯಸ್ಸಲ್ಲ.

ಕೈಬಿಟ್ಟು ಓಡುವ ಕಾರು ಮಾಡುವ ಕೆಲಸವನ್ನು ಎರಡು ಪಾಲು ಮಾಡಬಹುದು. ಒಂದು ನೋಡುವುದು, ಇನ್ನೊಂದು ಮಾಡುವುದು. ನೋಡುವುದಕ್ಕೆ ಗಾಜಿನ ಹಿಂದೆ ಕ್ಯಾಮೆರಾ, ಮುಂದಿನ ಗ್ರಿಲ್ಲಿನೊಳಗೆ 77 ಗಿಗಾಹರ್ಟ್ಸ್ ರೇಡಾರ್, ನೋಡಿದ್ದನ್ನು ಅರ್ಥ ಮಾಡಿಕೊಳ್ಳಲು ಒಂದು ಕಂಪ್ಯೂಟರ್. ಇವೆಲ್ಲ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿವೆ, ಹಳೇ ಗಾಡಿಗೂ ಅಂಟಿಸಬಹುದು. ತೊಂದರೆ ಇರುವುದು ಮಾಡುವ ಕಡೆ. ಆ ಇನ್ನೋವಾದ ಸ್ಟೇರಿಂಗ್ ಹಗುರವಾಗಿರುವುದು ಎಂಜಿನ್ ಬೆಲ್ಟಿನಿಂದ ತಿರುಗುವ ಎಣ್ಣೆ ಪಂಪಿನಿಂದ. ‘ಎಡಕ್ಕೆ ಎರಡು ಡಿಗ್ರಿ ತಿರುಗು’ ಎಂದು ಕಂಪ್ಯೂಟರ್ ಹೇಳಿದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಕಾರಿನಲ್ಲಿ ಒಂದು ಮೋಟಾರು ಇರುತ್ತದೆ, ಅದು ಮಾತು ಕೇಳುತ್ತದೆ. ಬ್ರೇಕೂ ಹಾಗೆಯೇ: ಕಾಲು ಒತ್ತಿದರೆ ವ್ಯಾಕ್ಯೂಮ್ ಬೂಸ್ಟರ್ ಆ ಒತ್ತಡವನ್ನು ಹೆಚ್ಚಿಸುತ್ತದೆ, ಆದರೆ ಕಾಲು ಒತ್ತಲೇಬೇಕು. ಕಾಲಿನ ಹಂಗಿಲ್ಲದೆ ತಾನೇ ಒತ್ತಡ ಹುಟ್ಟಿಸುವ ಪಂಪು ಬೇಕಾದರೆ ಸ್ಟೆಬಿಲಿಟಿ ಕಂಟ್ರೋಲ್ ಥರದ ವ್ಯವಸ್ಥೆ ಮೊದಲೇ ಇರಬೇಕು. ಮಾರುತಿ 800ರಲ್ಲಂತೂ ಆಕ್ಸಿಲರೇಟರ್ ಅಂದರೆ ಸೈಕಲ್ ಬ್ರೇಕಿನಂಥ ಒಂದು ತಂತಿ. ಹೋಗಲಿ, ಇವೆಲ್ಲ ಒಂದೊಂದಾಗಿ ಇದ್ದರೂ ಸಾಲದು, ಒಂದು ಇನ್ನೊಂದರ ಜೊತೆ ಮಾತಾಡಬೇಕು. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ಕ್ಯಾನ್ ಎಂಬ ತಂತಿ ಜಾಲ ಈ ಹರಟೆಕಟ್ಟೆ. ನಮ್ಮ ಗ್ಯಾರೇಜುಗಳಲ್ಲಿ ‘ಸ್ಕ್ಯಾನರ್ ಹಾಕಿ ನೋಡೋಣ’ ಎಂದಾಗ ಮೆಕ್ಯಾನಿಕ್ ಕಿವಿಗೊಡುವುದು ಈ ಹರಟೆಗೇ.

ಇಷ್ಟಾದ ಮೇಲೂ ಒಂದು ಬಾಕಿ. ಕೈ ಸ್ಟೇರಿಂಗ್ ಮೇಲಿದ್ದರೆ, ಯಂತ್ರ ಕೈಕೊಟ್ಟ ಕ್ಷಣ ಮನುಷ್ಯ ಹಿಡಿಯುತ್ತಾನೆ. ಕೈ ಮಡಿಲಲ್ಲಿದ್ದರೆ ಆ ಕ್ಷಣ ಎರಡು ಮೂರು ಸೆಕೆಂಡು ಉದ್ದವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ 66 ಮೀಟರ್ ಮುಂದೆ ಹೋಗಿರುತ್ತದೆ. ಅದಕ್ಕೇ ಕೈಬಿಡಲು ಅನುಮತಿ ಕೊಡುವ ಕಾರಿನಲ್ಲಿ ಡ್ರೈವರನ ಕಣ್ಣನ್ನು ಕಾಯುವ ಇನ್ನೊಂದು ಕ್ಯಾಮೆರಾ ಇರುತ್ತದೆ. ಜವಾಬ್ದಾರಿಯನ್ನೇ ಯಂತ್ರ ಹೊರುವ ಮುಂದಿನ ಹಂತಕ್ಕೆ ಹೋದರೆ ಸ್ಟೇರಿಂಗಿಗೂ ಬ್ರೇಕಿಗೂ ಒಂದು ಕೆಟ್ಟರೆ ಇನ್ನೊಂದು ಎಂಬ ಜೋಡಿ ಏರ್ಪಾಡು ಬೇಕು. ಇದನ್ನೆಲ್ಲ ಹಳೇ ಗಾಡಿಗೆ ಕೂಡಿಸಲು ಹೊರಟರೆ, ಗಾಡಿಯಲ್ಲಿ ಹಳೇದಾಗಿ ಉಳಿಯುವುದು ನಂಬರ್ ಪ್ಲೇಟು ಮಾತ್ರ.

ನಂಜನಗೂಡಿನವರಿಗೆ ಇದನ್ನು ಅರ್ಥ ಮಾಡಿಸಲು ಊರಿನ ಹಳೇ ಸೇತುವೆ ಸಾಕು. 1735ರ ಸುಮಾರಿಗೆ, ದಳವಾಯಿಗಳ ಕಾಲದಲ್ಲಿ, ಕಪಿಲೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಸೇತುವೆ. ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಎತ್ತಿನ ಗಾಡಿ, ಆನೆ, ದಂಡು. ರೈಲು ಎಂಬ ಪದಾರ್ಥ ಜಗತ್ತಿನಲ್ಲೇ ಇರಲಿಲ್ಲ. ಆದರೂ ಒಂದೂವರೆ ಶತಮಾನ ಕಳೆದ ಮೇಲೆ ಅದೇ ಸೇತುವೆಯ ಮೇಲೆ ಮೀಟರ್‌ಗೇಜ್ ಹಳಿ ಹಾಸಿದರು. ಒಂದು ಪಕ್ಕದಲ್ಲಿ ಬಸ್ಸು, ಇನ್ನೊಂದು ಪಕ್ಕದಲ್ಲಿ ರೈಲು, ಎರಡನ್ನೂ ಹೊತ್ತುಕೊಂಡು ಅದು ನಮ್ಮ ಕಾಲದವರೆಗೂ ನಿಂತಿತ್ತು. ಕಲ್ಲಿನಲ್ಲಿ ಮಿಗಿಲಾದ ಬಲವಿತ್ತು, ಹೊಸ ಹೊರೆ ಒಗ್ಗಿತು. ಬ್ರಾಡ್‌ಗೇಜ್ ಬಂದಾಗ ಮಾತ್ರ ಪಕ್ಕದಲ್ಲಿ ಹೊಸ ಸೇತುವೆಯನ್ನೇ ಕಟ್ಟಬೇಕಾಯಿತು. ಹಳೇ ಕಾರಿಗೆ ಕ್ಯಾಮೆರಾ, ಎಚ್ಚರಿಕೆಯ ಗಂಟೆ ಕೂಡಿಸುವುದು ಮೀಟರ್‌ಗೇಜಿನ ಕೆಲಸ. ಕೈಬಿಟ್ಟು ಓಡಿಸುವುದು ಬ್ರಾಡ್‌ಗೇಜ್.

ವಯಸ್ಸಲ್ಲ ಎಂದೆನಲ್ಲ, ಅದಕ್ಕೆ ಪುರಾವೆ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ. ಮಹೀಂದ್ರ ಎಕ್ಸ್‌ಯುವಿ 700 ಬಂದದ್ದು 2021ರಲ್ಲಿ. ಅಡಾಸ್ ಎಂದು ಈಗ ಎಲ್ಲರ ಬಾಯಲ್ಲಿರುವ ಚಾಲಕ ಸಹಾಯಕ ವ್ಯವಸ್ಥೆ ಅದರಲ್ಲಿತ್ತು, ಆದರೆ ಮೇಲಿನ ದರ್ಜೆಯ ಮಾದರಿಗಳಲ್ಲಿ ಮಾತ್ರ. ಒಂದೇ ದಿನ, ಒಂದೇ ಷೋರೂಮಿನಿಂದ, ಒಂದೇ ಬಣ್ಣದ ಎರಡು ಗಾಡಿ ಹೊರಬಂದಿರಬಹುದು. ಒಂದಕ್ಕೆ ಕಣ್ಣಿದೆ, ಇನ್ನೊಂದಕ್ಕಿಲ್ಲ. ಕಣ್ಣಿಲ್ಲದ ಗಾಡಿ ಹುಟ್ಟಿದ ದಿನವೇ ಹಳೇದು. ಕಣ್ಣಿದ್ದ ಗಾಡಿಯಲ್ಲೂ ಕೈ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ‘ಸ್ಟೇರಿಂಗ್ ಹಿಡಿ’ ಎಂದು ಗದರುತ್ತದೆ. ಗದರದಿರಲಿ ಎಂದು ಸ್ಟೇರಿಂಗಿಗೆ ನೀರಿನ ಬಾಟಲಿ ಕಟ್ಟಿ ಹೆದ್ದಾರಿಯಲ್ಲಿ ಹೋಗುವವರ ವಿಡಿಯೋಗಳು ಓಡಾಡಿದವು. ನಂಜನಗೂಡಿನಲ್ಲಿ ಸಿಕ್ಕ ಹುಡುಗ ನೋಡುತ್ತಿದ್ದುದೂ ಅಂಥದ್ದೇ ಒಂದಿರಬೇಕು.

‘ಈಗ ಕೊಳ್ಳಿ, ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತದೆ’ ಎಂಬ ಮಾತನ್ನು ದುಡ್ಡು ಕೊಟ್ಟು ನಂಬಿದವರ ಕತೆ ಅಮೆರಿಕದಲ್ಲಿದೆ. ಟೆಸ್ಲಾ 2016ರ ಅಕ್ಟೋಬರ್‌ನಲ್ಲಿ, ಇನ್ನು ಮೇಲೆ ತಾನು ಮಾಡುವ ಎಲ್ಲ ಕಾರಿನಲ್ಲೂ ಪೂರ್ತಿ ತಾನೇ ಓಡಲು ಬೇಕಾದ ಯಂತ್ರಾಂಶ ಇರುತ್ತದೆ ಎಂದು ಸಾರಿತು. ಸಾಫ್ಟ್‌ವೇರ್ ಬಂದರೆ ಸಾಕು ಎಂದರ್ಥ. ಜನ ಮುಂಗಡವಾಗಿಯೇ ಹಣ ಕಟ್ಟಿದರು. 2019ರಲ್ಲಿ ಆ ಕಂಪ್ಯೂಟರ್ ಸಾಲದು ಎಂದು ಹೊಸದು ಬಂತು, ದುಡ್ಡು ಕಟ್ಟಿದವರಿಗೆ ಬದಲಿಸಿಕೊಟ್ಟರು. 2025ರ ಜನವರಿಯಲ್ಲಿ ಆ ಹೊಸದೂ ಸಾಲದು, ಅದನ್ನೂ ಬದಲಿಸಬೇಕಾಗುತ್ತದೆ ಎಂದು ಇಲಾನ್ ಮಸ್ಕ್ ತಾವೇ ಒಪ್ಪಿದರು. ಅದೇ ವರ್ಷ ಜುಲೈನಲ್ಲಿ ಟೆಸ್ಲಾ ಮುಂಬೈಯಲ್ಲಿ ಅಂಗಡಿ ತೆರೆದು, ಆ ಸೌಲಭ್ಯಕ್ಕೆ ಇಲ್ಲಿ 6 ಲಕ್ಷ ರೂಪಾಯಿ ಬೆಲೆ ನಿಗದಿ ಮಾಡಿತು. ಭಾರತದ ರಸ್ತೆಯಲ್ಲಿ ಅದು ಆಗ ಓಡುವಂತೆಯೇ ಇರಲಿಲ್ಲ. ಆರು ಲಕ್ಷಕ್ಕೆ ನಮ್ಮ ಹುಡುಗನ ಇನ್ನೋವಾದಂಥದ್ದನ್ನು ಇಡಿಯಾಗಿ ಕೊಂಡು ಚಿಲ್ಲರೆ ಉಳಿಸಬಹುದು.

ಫೋರ್ಡ್ ಮಾತು ಉಳಿಸಿಕೊಂಡಿತು, ಹೇಗೆ ಎಂಬುದನ್ನು ನೋಡಬೇಕು. 2021ರ ಕೆಲವು ಗಾಡಿಗಳಿಗೆ ಕೈಬಿಟ್ಟು ಓಡಿಸುವ ಬ್ಲೂಕ್ರೂಸ್ ಅನ್ನು ಅಪ್‌ಡೇಟ್ ಆಗಿ ಗಾಳಿಯಲ್ಲೇ ಕಳಿಸಿತು. ಯಾವ ಗಾಡಿಗೆ? ಕ್ಯಾಮೆರಾ, ರೇಡಾರ್, ಕಣ್ಣು ಕಾಯುವ ಕ್ಯಾಮೆರಾ ಎಲ್ಲವನ್ನೂ ಮೊದಲೇ ಜೋಡಿಸಿ ಮಾರಿದ್ದ ಗಾಡಿಗೆ. ಅದೂ ಕಂಪನಿ ಮೊದಲೇ ಅಳೆದು ನಕ್ಷೆ ಮಾಡಿಟ್ಟುಕೊಂಡ ಹೆದ್ದಾರಿಗಳಲ್ಲಿ ಮಾತ್ರ. ಅದೇ ವರ್ಷ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ನಮ್ಮಲ್ಲಿ ಇನ್ನೂ ಓಡುತ್ತಿರುವ ಇಕೋಸ್ಪೋರ್ಟ್, ಫಿಗೋಗಳ ಮಾಲೀಕರು ಬಿಡಿಭಾಗ ಸಿಕ್ಕರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದಾರೆ, ಅಪ್‌ಡೇಟ್ ಎಲ್ಲಿ ಬಂತು.

ಇನ್ನೊಂದು ದಾರಿ ಇದೆ, ಕಂಪನಿಯ ಹಂಗಿಲ್ಲದ್ದು. ಜಾರ್ಜ್ ಹಾಟ್ಸ್ ಎಂಬ ಅಮೆರಿಕದ ಪೋಕರಿ ಜಾಣ ಕಟ್ಟಿದ ಕಾಮಾ ಎಂಬ ಸಂಸ್ಥೆಯದು. 2016ರಲ್ಲಿ ಅಲ್ಲಿನ ಸುರಕ್ಷತಾ ಇಲಾಖೆ ವಿವರಣೆ ಕೇಳಿ ಪತ್ರ ಬರೆದಾಗ ಆತ ತಾನು ಮಾರಲು ಹೊರಟಿದ್ದ ಉಪಕರಣವನ್ನು ಕೈಬಿಟ್ಟು, ಓಪನ್‌ಪೈಲಟ್ ಎಂಬ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಿ ಎಂದು ಬಿಡುಗಡೆ ಮಾಡಿಬಿಟ್ಟ. ಈಗ ಮುಂದಿನ ಗಾಜಿಗೆ ಅಂಟಿಸುವ ಅಂಗೈಯಗಲದ ಪೆಟ್ಟಿಗೆಯೊಂದರ ಮೂಲಕ ಮುನ್ನೂರಕ್ಕೂ ಹೆಚ್ಚು ಮಾದರಿಯ ಕಾರುಗಳಲ್ಲಿ ಅದು ಓಡುತ್ತದೆ. ಹಳೇ ಕಾರಿಗೆ ಹೊಸ ಜೀವ ಎಂದು ಅದನ್ನು ಹೊಗಳುವವರಿದ್ದಾರೆ. ಪಟ್ಟಿ ನೋಡಿದರೆ ಗುಟ್ಟು ತಿಳಿಯುತ್ತದೆ: ಮಾತು ಕೇಳುವ ಸ್ಟೇರಿಂಗ್, ತಾನೇ ಹಿಡಿಯುವ ಬ್ರೇಕು ಈಗಾಗಲೇ ಇರುವ ಗಾಡಿಗಳಷ್ಟೇ ಅದರಲ್ಲಿವೆ. ಅದು ಬೇರೆ ಮಿದುಳನ್ನು ಕೊಡುತ್ತದೆ. ಕೈಕಾಲು ಗಾಡಿಯದೇ ಆಗಿರಬೇಕು.

ಇಲ್ಲಿ ಅದನ್ನು ಹಾಕಿಸಿಕೊಂಡರೆ ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ದಪ್ಪ ಟೈರು, ಬಣ್ಣದ ಬಂಪರ್ ಹಾಕಿಸಿಕೊಂಡ ಹುಡುಗರನ್ನು ಹಿಡಿದು ನಿಲ್ಲಿಸುವಾಗ ಈ ಕಾನೂನು ಒರಟಾಗಿ ಕಾಣುತ್ತದೆ. ಸ್ಟೇರಿಂಗಿಗೆ ಹೊರಗಿನ ಮಿದುಳು ಜೋಡಿಸುವ ವಿಷಯಕ್ಕೆ ಬಂದರೆ ನಾನು ಕಾನೂನಿನ ಕಡೆಗೇ ನಿಲ್ಲುತ್ತೇನೆ.

ಗಾಡಿಯ ಮಾತಾಯಿತು. ರಸ್ತೆ?

ನಂಜನಗೂಡೂ ಟಿ. ನರಸೀಪುರವೂ ಒಂದೇ ಹೆದ್ದಾರಿಯ ಊರುಗಳು. ಕೋಳಿಕೋಡಿನಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರು ಮುಟ್ಟಿ, ಅಲ್ಲಿಂದ ಹೊರಳಿ ನರಸೀಪುರದ ಮೇಲೆ ಕೊಳ್ಳೇಗಾಲದ ಕಡೆ ಹೋಗುತ್ತದೆ. ಕಾರಿನ ಕಂಪ್ಯೂಟರಿಗೆ ನಂಜನಗೂಡಿನ ಕಡೆಯ ಗೆರೆಗಳು ತಕ್ಕಮಟ್ಟಿಗೆ ಅರ್ಥವಾಗುತ್ತವೆ. ನೇರವಾಗಿ ನಂಜನಗೂಡಿನಿಂದ ನರಸೀಪುರಕ್ಕೆ ಒಳದಾರಿ ಹಿಡಿದರೆ ಕತೆ ಬೇರೆ.

ಒಂದು ಜನವರಿಯಲ್ಲಿ, ಸುತ್ತೂರು ಜಾತ್ರೆಯ ದಿನಗಳಲ್ಲಿ, ಅಕ್ಕನ ಮಗನ ಹೊಸ ಕಾರಿನಲ್ಲಿ ಆ ದಾರಿಯಲ್ಲಿ ಹೋದೆ. ಅಡಾಸ್ ಇರುವ ಟಾಪ್ ಎಂಡ್ ಗಾಡಿ. ಹೆದ್ದಾರಿಯಲ್ಲಿದ್ದಷ್ಟು ಹೊತ್ತು ಮೀಟರಿನ ಪರದೆಯಲ್ಲಿ ಎರಡು ಹಸಿರು ಗೆರೆ ಹೊಳೆಯುತ್ತಿದ್ದವು, ಸ್ಟೇರಿಂಗ್ ಆಗಾಗ ಮೆಲ್ಲಗೆ ಕೈ ಎಳೆಯುತ್ತಿತ್ತು. ಸುತ್ತೂರಿನ ಕಡೆ ತಿರುಗಿದ ಸ್ವಲ್ಪ ಹೊತ್ತಿಗೆ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದವು. ರಸ್ತೆಯಲ್ಲಿ ಬಿಳಿ ಪಟ್ಟೆ ಇಲ್ಲ, ಕಂಪ್ಯೂಟರ್ ಸನ್ಯಾಸ ತೆಗೆದುಕೊಂಡಿತು. ಇನ್ನೊಂದು ತಿರುವು ಕಳೆದರೆ ಡಾಂಬರೇ ಇಲ್ಲ, ಹುರುಳಿ. ರಸ್ತೆಯ ಪೂರ್ತಿ ಅಗಲಕ್ಕೆ ಒಣಗಿದ ಹುರುಳಿ ಗಿಡ ಹರಡಿದ್ದಾರೆ, ಬರುವ ಹೋಗುವ ಗಾಡಿಯೇ ಅವರ ಒಕ್ಕಣೆ ಯಂತ್ರ. ಬದಿಯಲ್ಲಿ ಮೊರ ಹಿಡಿದು ನಿಂತ ಅಜ್ಜಿ ‘ಬನ್ನಿ ಬನ್ನಿ’ ಎಂದು ಕೈ ಬೀಸುತ್ತಿದ್ದಾಳೆ. ಕಾರು ಚಕಾರ ಎತ್ತಲಿಲ್ಲ. ರೇಡಾರಿಗೆ ಅದು ಗೋಡೆಯಲ್ಲ, ಕ್ಯಾಮೆರಾಕ್ಕೆ ಅದು ದನವಲ್ಲ, ಮನುಷ್ಯನಲ್ಲ, ಲಾರಿಯಲ್ಲ. ಕಲಿಸಿದ ಪಟ್ಟಿಯಲ್ಲಿ ಹುರುಳಿಯ ಹೆಸರು ಇರಲಿಕ್ಕಿಲ್ಲ. ದಾಟಿದ ಮೇಲೆ ಹೊಗೆಯ ವಾಸನೆ ಬಂದು ನಿಲ್ಲಿಸಿದೆವು. ಮುಂದಿನ ಚಕ್ರದ ಒಳಬದಿಯ ಆಕ್ಸಲ್ಲಿಗೆ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡು ಬಿಸಿಯಾಗಿತ್ತು. ಹೀಗೆ ಸುತ್ತಿಕೊಂಡು ಬೆಂಕಿ ಹತ್ತಿ ಸುಟ್ಟುಹೋದ ಕಾರುಗಳ ಸುದ್ದಿ ನಮ್ಮ ಸೀಮೆಯಲ್ಲಿ ಹೊಸದಲ್ಲ. ಅಕ್ಕನ ಮಗ ರಸ್ತೆಯಲ್ಲಿ ಮೊಣಕಾಲೂರಿ ಕುಡುಗೋಲಿನಿಂದ ಅದನ್ನು ಕುಯ್ದು ಎಳೆದ. ಕುಡುಗೋಲು ಕೊಟ್ಟವಳು ಅದೇ ಅಜ್ಜಿ.

ಕಬ್ಬಿನ ಟ್ರ್ಯಾಕ್ಟರಿನದು ಇದಕ್ಕಿಂತ ಗಂಭೀರ ವಿಷಯ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಕಾಲದಲ್ಲಿ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಓಡಿಸಿ ನೋಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್. ಹಿಂದಿನ ದೀಪ ಇಲ್ಲ, ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಕಬ್ಬು ಟ್ರೈಲರಿನ ಅಂಚು ದಾಟಿ ಮೂರು ನಾಲ್ಕು ಅಡಿ ಹಿಂದಕ್ಕೆ ಚಾಚಿಕೊಂಡು, ಕಾರಿನ ಗಾಜಿನ ಎತ್ತರಕ್ಕೇ ತೂಗುತ್ತಿರುತ್ತದೆ. ರೇಡಾರ್ ಚೆನ್ನಾಗಿ ಕಾಣುವುದು ಲೋಹವನ್ನು. ಅದು ಟ್ರೈಲರಿನ ಕಬ್ಬಿಣಕ್ಕೆ ದೂರ ಲೆಕ್ಕ ಹಾಕಿ ಬ್ರೇಕ್ ಹಿಡಿದರೆ ಕಾರು ಸರಿಯಾಗಿ ನಿಲ್ಲಬಹುದು, ಕಬ್ಬು ಅಷ್ಟರಲ್ಲಿ ಒಳಗೆ ಬಂದಿರುತ್ತದೆ. ಇಷ್ಟೇ ಅಲ್ಲ: ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನರಸೀಪುರ, ಕೊಳ್ಳೇಗಾಲದ ಮೇಲೆ ರಾತ್ರಿಯೆಲ್ಲ ನಡೆದು ಹೋಗುವ ಪರಿಷೆ, ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆಂದು ನಂಜನಗೂಡು ದಾಟಿ ಹಾರಿಬರುವ ಗಾಡಿಗಳು, ಕಪಿಲೆ ಉಕ್ಕಿದಾಗ ಮಲ್ಲನಮೂಲೆ ಮಠದ ಬಳಿ ನೀರಿನಡಿ ಹೋಗುವ ಹೆದ್ದಾರಿ. 2018ರಲ್ಲೂ 2019ರಲ್ಲೂ ಹಾಗೆ ಮುಳುಗಿತ್ತು, ಬಳಸುದಾರಿಯಲ್ಲಿ ಹೋದೆವು. ಆ ಬಳಸುದಾರಿ ಯಾವ ಕಂಪನಿಯ ನಕ್ಷೆಯಲ್ಲಿದೆ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದೆಲ್ಲ ನಡೆಯುತ್ತದೆ ಎನ್ನುವವರು ಸರಿ. 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಅಂದರೆ ಕೈಬಿಟ್ಟು ಓಡುವ ಕಾರಿಗೆ ಬೇಕಾದದ್ದು ಬರೀ ಒಳ್ಳೆಯ ರಸ್ತೆಯಲ್ಲ, ಹಳ್ಳಿಯವರನ್ನು ಹೊರಗಿಟ್ಟ ರಸ್ತೆ. ನರಸೀಪುರದ ರಸ್ತೆಯಲ್ಲಿ ಅವರನ್ನು ಹೊರಗಿಡಲು ಬರುವುದಿಲ್ಲ, ಅದು ಅವರದೇ ರಸ್ತೆ.

ನಡುವೆ ಒಂದು ಸಣ್ಣ ಲೆಕ್ಕ. ಜಲ್ಲಿ ಟಿಪ್ಪರಿನಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಡುವುದು ಇಲ್ಲಿ ಮಾಮೂಲು. ಊರಿನ ಅಂಗಡಿಯಲ್ಲೇ ಹೊಸ ಗಾಜು ಕೂಡಿಸುತ್ತೇವೆ. ಅಡಾಸ್ ಕ್ಯಾಮೆರಾ ಆ ಗಾಜಿನ ಹಿಂದೆಯೇ ಕೂತಿರುತ್ತದೆ, ಗಾಜು ಬದಲಾದರೆ ಅದನ್ನು ಮತ್ತೆ ಗುರಿ ಕೂಡಿಸಬೇಕು. ಒಂದೇ ಒಂದು ಡಿಗ್ರಿ ಓರೆಯಾದರೆ ನೂರು ಮೀಟರ್ ದೂರದಲ್ಲಿ 1.75 ಮೀಟರ್ ತಪ್ಪುತ್ತದೆ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಂದರೆ ಕಾರು ಅರ್ಧ ಲೇನು ಆಚೆಗೆ ರಸ್ತೆ ಇದೆ ಎಂದುಕೊಳ್ಳುತ್ತದೆ. ಹೊಸದರಲ್ಲಿ ಇದು ಸರಿ ಇರುತ್ತದೆ. ಎರಡು ಕೈ ಬದಲಾಗಿ, ಎರಡು ಗಾಜು ಬದಲಾಗಿ, ಹತ್ತು ವರ್ಷದ ಮೇಲೆ ನಮ್ಮ ಹುಡುಗನಂಥವನ ಕೈಗೆ ಬರುವ ಅಡಾಸ್ ಕಾರು ಎಲ್ಲಿಗೆ ಗುರಿಯಿಟ್ಟು ನೋಡುತ್ತಿರುತ್ತದೆ ಎಂದು ಎಫ್‌ಸಿ ಮಾಡುವಾಗ ಯಾರಾದರೂ ಪರೀಕ್ಷಿಸುತ್ತಾರೆಯೇ? ನಾಳಿನ ಹಳೇ ಕಾರುಗಳ ನಿಜವಾದ ಸಮಸ್ಯೆ ಇದು. ಇಲ್ಲದ ಕಣ್ಣಿಗಿಂತ ಮಸುಕಾದ ಕಣ್ಣನ್ನು ನಂಬುವುದು ಹೆಚ್ಚು ಅಪಾಯ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಬಲವಾದ ಮಾತು ಒಂದಿದೆ, ಅದನ್ನು ತೇಲಿಸಿಬಿಡಲಾರೆ. ಈ ಯಂತ್ರಗಳು ಜೀವ ಉಳಿಸುವುದು ನಿಜವಾದರೆ, ಇಪ್ಪತ್ತು ಲಕ್ಷದ ಕಾರಿನವನ ಜೀವವನ್ನು ಮಾತ್ರ ಉಳಿಸುವುದು ಯಾವ ನ್ಯಾಯ? ಸರ್ಕಾರ ಹಳೇ ಕಾರಿನಿಂದ ಕಿತ್ತುಕೊಳ್ಳುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಹಳೇದು ಅಪಾಯಕಾರಿ ಎಂದು ತೆಗೆದುಕೊಂಡ ದುಡ್ಡಿನಲ್ಲಿ ಆ ಅಪಾಯ ತಗ್ಗಿಸಲು ಏನು ಕೊಟ್ಟಿತು?

2023ರ ಮೇ 29ರಂದು ನರಸೀಪುರ ತಾಲ್ಲೂಕಿನ ಕುರುಬೂರಿನ ಬಳಿ ಖಾಸಗಿ ಬಸ್ಸಿಗೂ ಇನ್ನೋವಾ ಕಾರಿಗೂ ಮುಖಾಮುಖಿಯಾಯಿತು. ಬಳ್ಳಾರಿ ಕಡೆಯಿಂದ ಪ್ರವಾಸ ಬಂದವರು, ಹತ್ತು ಜನ ಸತ್ತರು. ಆ ರಸ್ತೆಯಲ್ಲಿ ಹೋಗುವಾಗೆಲ್ಲ ಅದು ನೆನಪಾಗುತ್ತದೆ. ಆ ಕಾರಿನಲ್ಲಿ ಎಲ್ಲ ಯಂತ್ರವೂ ಇದ್ದಿದ್ದರೆ ಎಂದು ಕೇಳಿಕೊಳ್ಳುವುದು ಸಹಜ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಎರಡು ಗಾಡಿ 80ರ ವೇಗದಲ್ಲಿ ಎದುರುಬದುರಾದರೆ ನಡುವಿನ ದೂರ ಸೆಕೆಂಡಿಗೆ 44 ಮೀಟರಿನಂತೆ ಕರಗುತ್ತದೆ. ರೇಡಾರ್ 150 ಮೀಟರಿನಲ್ಲೇ ಕಂಡುಹಿಡಿದರೂ ಕೈಯಲ್ಲಿರುವುದು ಮೂರೂವರೆ ಸೆಕೆಂಡು, ಅದರಲ್ಲೂ ಎದುರಿನವನು ತನ್ನ ಬದಿಗೆ ಸರಿದಾನೋ ಇಲ್ಲವೋ ಎಂದು ತೀರ್ಮಾನಿಸಬೇಕು. ಈಗಿನ ಹೆಚ್ಚಿನ ವ್ಯವಸ್ಥೆಗಳನ್ನು ಪಳಗಿಸಿರುವುದು ಮುಂದೆ ಅದೇ ದಿಕ್ಕಿಗೆ ಹೋಗುವ ಗಾಡಿಗೆ ಗುದ್ದದಂತೆ. ಕುರುಬೂರಿನಂಥ ಅಪಘಾತದಲ್ಲಿ ಅವುಗಳಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಅಲ್ಲಿ ಕೆಲಸ ಮಾಡುವವು ನಡುವಿನ ಡಿವೈಡರ್, ತಿರುವಿನಲ್ಲಿ ಕಡಿದ ಪೊದೆ, ಕಟ್ಟಿದ ಬೆಲ್ಟು.

ಹಾಗಂತ ಹಳೇ ಗಾಡಿಗೆ ಏನೂ ಕೂಡಿಸಲಾಗದು ಎಂದಲ್ಲ. ನಾಗಪುರದಲ್ಲಿ 2021ರಲ್ಲಿ ಐರಾಸ್ತೆ ಎಂಬ ಯೋಜನೆ ಶುರುವಾಯಿತು. ಇಂಟೆಲ್, ಹೈದರಾಬಾದಿನ ಐಐಐಟಿ, ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಮೊದಲಾದವರು ಸೇರಿ, ಆಗಲೇ ಓಡುತ್ತಿದ್ದ ನಗರ ಸಾರಿಗೆ ಬಸ್ಸುಗಳಿಗೆ ಕ್ಯಾಮೆರಾ ಕೂಡಿಸಿದರು. ಅದು ಸ್ಟೇರಿಂಗ್ ಮುಟ್ಟುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ. ಮುಂದಿನ ಗಾಡಿ ತೀರಾ ಹತ್ತಿರವಾಯಿತು, ಅಡ್ಡ ಯಾರೋ ಬಂದರು ಎಂದು ಡ್ರೈವರನಿಗೆ ಕೂಗಿ ಹೇಳುತ್ತದೆ, ಅಷ್ಟೆ. ಆದರೆ ಎಲ್ಲೆಲ್ಲಿ ಕೂಗಿತು ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಒಂದೇ ಜಾಗದಲ್ಲಿ ಬಸ್ಸುಗಳೆಲ್ಲ ಮತ್ತೆ ಮತ್ತೆ ಕೂಗಿದರೆ, ತಪ್ಪು ಡ್ರೈವರನದಲ್ಲ ರಸ್ತೆಯದು ಎಂದು ಗೊತ್ತಾಗುತ್ತದೆ, ಅಲ್ಲಿ ಜನ ಸಾಯುವ ಮೊದಲೇ. ಹಳೇ ಬಸ್ಸಿನ ಕಣ್ಣಿನಿಂದ ಇಡೀ ಊರಿನ ರಸ್ತೆಯನ್ನು ಓದಿದ ಹಾಗಾಯಿತು. ಮೈಸೂರು–ನರಸೀಪುರ–ಕೊಳ್ಳೇಗಾಲದ ನಡುವೆ ದಿನಕ್ಕೆ ಹತ್ತಾರು ಸಲ ಓಡಾಡುವ ಸರ್ಕಾರಿ, ಖಾಸಗಿ ಬಸ್ಸುಗಳಲ್ಲಿ ಕೆಲವಕ್ಕಾದರೂ ಇಂಥ ಕಣ್ಣು ಕೊಟ್ಟರೆ ಒಂದು ಮಳೆಗಾಲ ಮುಗಿಯುವುದರೊಳಗೆ ಆ ರಸ್ತೆಯ ಕೆಟ್ಟ ತಿರುವುಗಳ ಪಟ್ಟಿ ಕೈಗೆ ಬರುತ್ತದೆ. ವಿಚಿತ್ರವೆಂದರೆ, ಇಂಥ ಯಂತ್ರಗಳ ಎಲುಬಾದ ಸರ್ಕ್ಯೂಟ್ ಬೋರ್ಡುಗಳು ನಮ್ಮೂರಿನಲ್ಲೇ ತಯಾರಾಗುತ್ತವೆ. ಆಸ್ಟ್ರಿಯ ಮೂಲದ ಎಟಿ ಅಂಡ್ ಎಸ್ ಕಂಪನಿ 1999ರಿಂದ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದೆ, ಅದರ ಬೋರ್ಡುಗಳು ವಾಹನೋದ್ಯಮಕ್ಕೂ ಹೋಗುತ್ತವೆ.

ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ, ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಎಂದರು. ಡ್ರೈವರುಗಳ ಮೇಲೆ ಆ ಕರುಣೆ ಇರುವುದು ಒಳ್ಳೆಯದೇ. ಆದರೆ ನಮ್ಮ ಹುಡುಗನಿಗೆ ಕೈ ಬಿಡಬೇಕು ಎನ್ನಿಸಿದ್ದು ಸೋಮಾರಿತನಕ್ಕಲ್ಲ. ಹಿಂದಿನ ರಾತ್ರಿ ಒಂದು ಗಂಟೆಗೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಗಿರಾಕಿ ಹತ್ತಿಸಿಕೊಂಡು ಬಂದು, ಮೈಸೂರಿನಲ್ಲಿ ಗಾಡಿಯೊಳಗೇ ಎರಡು ಗಂಟೆ ಮಲಗಿ, ಬೆಳಗ್ಗೆ ಚಾಮುಂಡಿ ಬೆಟ್ಟ, ಈಗ ನಂಜನಗೂಡು, ಮಧ್ಯಾಹ್ನದ ಮೇಲೆ ನರಸೀಪುರದ ಸಂಗಮ, ಸೋಮನಾಥಪುರ, ರಾತ್ರಿ ವಾಪಸ್ ಬೆಂಗಳೂರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ದುಡಿಮೆ ಎಂದಿತ್ತು, ಆದರೆ ಅದು ಐದು ಜನಕ್ಕಿಂತ ಕಡಿಮೆ ಇರುವಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಒಂದೇ ಗಾಡಿ ಇಟ್ಟುಕೊಂಡವನು ತನಗೆ ತಾನೇ ಮಾಲೀಕ, ತನ್ನನ್ನು ತಾನೇ ಜೀತಕ್ಕಿಟ್ಟುಕೊಂಡವನು. ಅವನಿಗೆ ಬೇಕಾಗಿದ್ದದ್ದು ಯಂತ್ರದ ಕೈಯಲ್ಲ, ಆರು ಗಂಟೆ ನಿದ್ದೆ. ಆ ನಿದ್ದೆಯ ಬೆಲೆಯನ್ನು ಬಾಡಿಗೆಯಲ್ಲಿ ಸೇರಿಸಿ ಕೊಡಲು ನಾವು ಗಿರಾಕಿಗಳು ತಯಾರಿಲ್ಲ. ಚೌಕಾಸಿ ಮಾಡಿ ಉಳಿಸಿದ ಇನ್ನೂರು ರೂಪಾಯಿಯಲ್ಲಿ ಬೃಂದಾವನದಲ್ಲಿ ಚುರುಮುರಿ ತಿನ್ನುತ್ತೇವೆ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಹಾಕಿಸಲು ಆಗುವುದಿಲ್ಲಪ್ಪ, ಸ್ಟೇರಿಂಗೇ ಬೇರೆ ಥರದ್ದು ಎಂದೆ. ಹೋಗುವ ಮೊದಲು ಹಿಂದಿನ ಬಾಗಿಲು ತೆಗೆದು ನೋಡಿದೆ. ಮರೂನ್ ಬಣ್ಣದ ಹೊಸ ಸೀಟ್ ಕವರ್, ದಪ್ಪ ದಾರದ ಹೊಲಿಗೆ. ಬೆಲ್ಟಿನ ಲಾಕುಗಳು ಕವರಿನ ಕೆಳಗೆ ಎಲ್ಲೋ ಗಂಟಿನ ಹಾಗೆ ಉಬ್ಬಿಕೊಂಡಿದ್ದವು. 2012ರಲ್ಲಿ ಕಾರ್ಖಾನೆಯಿಂದಲೇ ಬಂದ ಬೆಲ್ಟು, ಯಾವ ಅಪ್‌ಡೇಟೂ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತು ತೀರಿಕೊಂಡಾಗ ಒಂದೆರಡು ತಿಂಗಳು ಎಲ್ಲರೂ ಮಾತಾಡಿದ ಅದೇ ಬೆಲ್ಟು.

“ಇದನ್ನ ಮೇಲೆ ತೆಗೆಸ್ಬಾರ್ದಾ?” ಎಂದೆ.

“ಕವರ್ ಹೊಲ್ದೋನು ಕೇಳ್ದ ಸಾ, ತೂತು ಬುಡ್ಲಾ ಅಂತ. ಒಂದ್ ತೂತ್ಗೆ ಐವತ್ತು ರುಪಾಯಿ ಎಕ್ಸ್‌ಟ್ರಾ ಅಂದ. ಅಂದ ಕೆಡ್ತದೆ ಅಂತ ಬ್ಯಾಡ ಅಂದ್ಬುಟ್ಟೆ.”